ನಾಲ್ಕನೆಯ ಬೋಲ್ಟು

ಹಲಸೂರಿನಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಇವೆಲ್ಲ ಸೇರಿದರೂ ಮುಂದಿನ ವರಾಂಡದಷ್ಟು ಅಗಲ ಇರಲಿಲ್ಲವೇನೋ ಎಂದು ಈಗ ನೆನೆದರೆ ಅನ್ನಿಸುತ್ತದೆ. ಕೆಂಪು ಗಾರೆ ನೆಲ, ಬೀದಿಯ ಕಡೆಗೆ ಮರದ ಪಟ್ಟಿಗಳ ಜಾಲರಿ, ಮೇಲೆ ಹೆಂಚು, ಹೆಂಚಿನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಹಾಯ್ದ ತೇಗದ ತೊಲೆ. ಸಂಜೆಯ ಬಿಸಿಲು ಜಾಲರಿಯಲ್ಲಿ ತೂರಿ ನೆಲದ ಮೇಲೆ ಚೌಕ ಚೌಕವಾಗಿ ಬೀಳುತ್ತಿತ್ತು. ಉಯ್ಯಾಲೆ ಬಂದ ಮೇಲೆ ಆ ಚೌಕಗಳು ನಮ್ಮ ಪಾದದಿಂದ ಮಡಿಲಿಗೆ, ಮಡಿಲಿನಿಂದ ಮುಖಕ್ಕೆ ಹತ್ತಿ ಇಳಿಯುತ್ತಿದ್ದವು. ಕಣ್ಣು ಅರ್ಧ ಮುಚ್ಚಿ ಕೂತರೆ ಇಡೀ ಮನೆ ನೀರಿನ ಮೇಲೆ ನಿಂತ ಹಾಗೆ, ನಾವು ಎಲ್ಲಿಗೋ ಹೊರಟ ಹಾಗೆ. ಆ ಉಯ್ಯಾಲೆಯನ್ನು ಅಪ್ಪ ತಮ್ಮ ಕೈಯಾರೆ ಮಾಡಿದ್ದರು. ಅದು ನಮ್ಮ ಮನೆಯಲ್ಲಿದ್ದದ್ದು ಕೆಲವೇ ತಿಂಗಳು. ಒಂದು ಸಂಜೆ ಬಿತ್ತು. ತಮ್ಮ ಕೆಲಸ ಸರಿಯಿಲ್ಲದೆ ಬಿತ್ತು ಎಂದು ಅಪ್ಪ ನಂಬಿದರು, ಹಾಗೆ ನಂಬಿಕೊಂಡೇ ತೀರಿಕೊಂಡರು. ಅದು ಬಿದ್ದದ್ದು ನನ್ನಿಂದ. ಈ ಅಧ್ಯಾಯವನ್ನು ಬರೆಯುತ್ತಿರುವುದು ಅದನ್ನು ಹೇಳುವುದಕ್ಕೆ. ಆ ಮನೆಯ ನೆನಪು ಚೆಂದವಾಗಿದೆ. ಚೆಂದವಾಗಿದೆ ಎಂಬ ಕಾರಣಕ್ಕೇ ಇಷ್ಟು ವರ್ಷ ಇದನ್ನು ಹೇಳದೆ ತಪ್ಪಿಸಿಕೊಂಡೆ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಸಂಜೆ ಅದೇ ಸೈಕಲ್ಲಿನಲ್ಲಿ, ಅದೇ ವೇಗದಲ್ಲಿ ಬರುವವರು. ಮಾತು ಕಡಿಮೆ. ಮಾತಾಡಬೇಕಾದ್ದನ್ನೆಲ್ಲ ಅವರ ಕೈಗಳು ಮಾಡುತ್ತಿದ್ದವು. ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಕಪ್ಪು, ಹೆಬ್ಬೆರಳಿನ ತುದಿಯಲ್ಲಿ ಗಟ್ಟಿಯಾದ ಚರ್ಮ. ಆ ಹೆಬ್ಬೆರಳಿನಿಂದ ಸವರಿ ಕಬ್ಬಿಣ ನುಣುಪಾಗಿದೆಯೋ ಇಲ್ಲವೋ ಹೇಳುತ್ತಿದ್ದರು. ಭಾನುವಾರ ಬಂತೆಂದರೆ ಬೀದಿಯವರು ಒಬ್ಬೊಬ್ಬರಾಗಿ ವರಾಂಡದ ಮೆಟ್ಟಿಲಿಗೆ ಬರುತ್ತಿದ್ದರು. ಒಬ್ಬರ ಕೈಯಲ್ಲಿ ಪಂಪ್ ಸ್ಟೌವ್, ಇನ್ನೊಬ್ಬರ ಕೈಯಲ್ಲಿ ಬೀಗ, ಮತ್ತೊಬ್ಬರು ಮಗುವಿನ ಮೂರು ಗಾಲಿ ಸೈಕಲ್ಲು. ಪಕ್ಕದ ಮನೆಯಲ್ಲಿದ್ದ ಟೈಲರ್ ದಾವೂದ್ ಭಾಯ್ ಹೊಲಿಗೆ ಮಿಷಿನ್ನು ಸದ್ದು ಬದಲಿಸಿದರೆ ಸಾಕು, ಗೋಡೆಯಾಚೆಯಿಂದಲೇ ಕೂಗುತ್ತಿದ್ದರು. ಅಪ್ಪ ಮುಟ್ಟಿದ್ದು ಮತ್ತೆ ಕೆಡುವುದಿಲ್ಲ ಎಂಬುದು ನಮ್ಮ ಬೀದಿಯಲ್ಲಿ ಯಾರೂ ಎರಡನೇ ಸಲ ಯೋಚಿಸದ ಸಂಗತಿಯಾಗಿತ್ತು. ನಾನು ಸ್ಕೂಲಿನಲ್ಲಿ ಜಗಳವಾದಾಗ ಅದನ್ನೇ ಹೇಳಿಕೊಂಡು ಗೆಲ್ಲುತ್ತಿದ್ದೆ.

ಉಯ್ಯಾಲೆಯ ಆಸೆ ಅಮ್ಮನದು. ಅಮ್ಮನ ತವರಿನವರು ಕೆ.ಆರ್. ಪುರದ ಕಡೆ ಹೂವು, ಸೊಪ್ಪು ಬೆಳೆಯುತ್ತಿದ್ದವರು. ಚಿಕ್ಕವಳಿದ್ದಾಗ ಅವಳು ನಮ್ಮ ಅಜ್ಜಿಯ ಜೊತೆ ಬೆನ್ಸನ್ ಟೌನಿನ ಬಂಗಲೆಗಳಿಗೆ ಸೊಪ್ಪು ಹಾಕಲು ಹೋಗುತ್ತಿದ್ದಳಂತೆ. ಅಲ್ಲೊಂದು ಬಂಗಲೆಯ ಪೋರ್ಟಿಕೋದಲ್ಲಿ ಬಿಳಿ ತಲೆಯ ಹೆಂಗಸೊಬ್ಬರು ಉಯ್ಯಾಲೆಯ ಮೇಲೆ ಕೂತು, ಒಂದು ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿ ಒತ್ತಿ, ಏನನ್ನೂ ಮಾಡದೆ ಇರುತ್ತಿದ್ದರಂತೆ. ಅಜ್ಜಿ ಸೊಪ್ಪಿನ ಕಟ್ಟು ಎಣಿಸಿಕೊಡುವಷ್ಟು ಹೊತ್ತು ಅಮ್ಮ ಗೇಟಿನ ಹತ್ತಿರ ನಿಂತು ಆ ಕಾಲನ್ನೇ ನೋಡುತ್ತಿದ್ದಳು. ಒಂದು ಸಂಜೆ ನನ್ನ ಅಕ್ಕ ರತ್ನ, ಅಮ್ಮನ ಜಡೆ ಹೆಣೆಯುತ್ತಾ ಸುಮ್ಮನೆ ಕೇಳಿದಳು.

“ಅಮ್ಮಾ, ದೇವ್ರು ಬಂದು ಏನ್ ಬೇಕು ಅಂದ್ರೆ ಏನ್ ಕೇಳ್ತೀಯಾ?”

“ನೀನು ಜಡೆ ಎಳೀದೇ ಹೆಣೀಲಿ ಅಂತ ಕೇಳ್ತೀನಿ.”

“ಥೂ, ಸರಿಯಾಗ್ ಹೇಳಮ್ಮ.”

“ಏನಿಲ್ಲ ಕಣೆ. ಒಂದು ಉಯ್ಯಾಲೆ ಇದ್ದಿದ್ರೆ, ಸಂಜೆ ಹೊತ್ತು ಕಾಲು ಇಳಿಬಿಟ್ಕೊಂಡು ಕೂತ್ಕೋಬೋದಿತ್ತು. ಅಷ್ಟೇ.”

ಒಳಗೆ ಕಾಫಿ ಕುಡಿಯುತ್ತಿದ್ದ ಅಪ್ಪನಿಗೆ ಅದು ಕೇಳಿಸಿತು ಎಂದು ನಮಗೆ ಗೊತ್ತಾದದ್ದು ಎರಡು ವಾರ ಕಳೆದ ಮೇಲೆ, ಅವರು ಸೈಕಲ್ಲಿನ ಹಿಂದೆ ಹಲಗೆಗಳನ್ನು ಕಟ್ಟಿಕೊಂಡು, ಸೈಕಲ್ ತಳ್ಳಿಕೊಂಡು ಬಂದಾಗ. ಕಾರ್ಖಾನೆಗೆ ಹೊರದೇಶದಿಂದ ಯಂತ್ರ ತುಂಬಿಕೊಂಡು ಬರುತ್ತಿದ್ದ ದೊಡ್ಡ ಪೆಟ್ಟಿಗೆಗಳ ಮರವನ್ನು ಕೆಲಸಗಾರರಿಗೇ ಕೊಡುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳ ಮಂಚ, ಕಪಾಟು, ಕೋಳಿಗೂಡು ಎಲ್ಲ ಆ ಮರದ್ದೇ. ಅಮ್ಮನಿಗೆ ವಿಷಯ ತಿಳಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಜಗಳ.

“ಬಾಡಿಗೆ ಮನೆ ರೀ ಇದು! ತೊಲೆಗೆ ಕೈ ಹಾಕಿದ್ರೆ ಓನರ್ ಸುಮ್ನಿರ್ತಾರಾ?”

“ತೊಲೆಗೆ ತೂತು ಹಾಕಲ್ಲ. ಕಬ್ಬಿಣದ ಪಟ್ಟಿ ಸುತ್ತಿಸ್ತೀನಿ. ಮನೆ ಬಿಡೋ ದಿನ ಬಿಚ್ಕೊಂಡ್ ಹೋಗ್ಬೋದು.”

“ಏನೋ ಬಾಯ್ತಪ್ಪಿ ಆಸೆ ಪಟ್ಟೆ ಅಂದ್ರೆ ಮಾಡೇಬಿಡೋದಾ?”

“ಮಾಡಬಾರ್ದು ಅಂದ್ರೆ ಯಾಕೆ ಆಸೆ ಪಡ್ತೀಯಾ?”

ಅಮ್ಮ ಮಾತು ಬಿಟ್ಟಳು. ಮೂರು ದಿನ ನಮ್ಮ ಮನೆಯಲ್ಲಿ ಮಾತೆಲ್ಲ ನನ್ನ ಮತ್ತು ಅಕ್ಕನ ಮೂಲಕವೇ ನಡೆಯಿತು. “ನಿಮ್ಮಪ್ಪಂಗೆ ಹೇಳು, ಮುದ್ದೆ ಆರ್ತಾ ಇದೆ ಅಂತ.” “ನಿಮ್ಮಮ್ಮಂಗೆ ಹೇಳು, ಇನ್ನೊಂಚೂರು ಸಾರು ಬೇಕು ಅಂತ.” ಇಬ್ಬರೂ ಒಂದು ಮೊಳ ದೂರದಲ್ಲಿ ಎದುರುಬದುರು ಕೂತಿರುತ್ತಿದ್ದರು. ಮೂರನೆಯ ದಿನ ಅಪ್ಪ ಹಲಗೆಗೆ ಉಜ್ಜುಗೊರಡು ಹಾಕಿದಾಗ ಆ ಮರದಿಂದ ಒಂದು ಪರಿಮಳ ಎದ್ದಿತು. ನಾವು ಕಾಣದ ಊರಿನ, ಕಾಣದ ಕಾಡಿನ ಪರಿಮಳ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಒಂದು ಸುರುಳಿ ಹೊಟ್ಟನ್ನು ಎತ್ತಿಕೊಂಡು ಮೂಸಿ ನೋಡಿದಳು. ಅಲ್ಲಿಗೆ ಜಗಳ ಮುಗಿಯಿತು.

ಮುಂದಿನ ಐದಾರು ಭಾನುವಾರಗಳು ನನ್ನ ಬಾಲ್ಯದ ಅತ್ಯಂತ ಉದ್ದದ ದಿನಗಳು. ಒಳ್ಳೆಯ ಅರ್ಥದಲ್ಲಿ ಹೇಳುತ್ತಿದ್ದೇನೆ. ಹಲಗೆಗಳಿಂದ ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು ನನ್ನ ಕೆಲಸ. ಮೂರು ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿ, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು, ಇಬ್ಬರು ಆರಾಮಾಗಿ ಮೂವರು ಒತ್ತಿಕೊಂಡು ಕೂರುವಷ್ಟು ಅಗಲದ ಮಣೆ ಮಾಡಿದರು. ಮೇಲ್ಭಾಗವನ್ನು ಉಜ್ಜಿ ಉಜ್ಜಿ ಬೆಣ್ಣೆಯ ಹಾಗೆ ಮಾಡಿದರೂ, ಅಡಿಭಾಗದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದ ಕಪ್ಪು ಅಕ್ಷರಗಳನ್ನು ಹಾಗೇ ಬಿಟ್ಟರು. ಯಾವ ಭಾಷೆಯೋ ಗೊತ್ತಿರಲಿಲ್ಲ. ಆಮೇಲೆ ಎಷ್ಟೋ ಮಧ್ಯಾಹ್ನ, ಅಮ್ಮನೋ ಅಕ್ಕನೋ ಮೇಲೆ ತೂಗಿಕೊಳ್ಳುತ್ತಿರುವಾಗ ನಾನು ಕೆಳಗೆ ತಣ್ಣನೆಯ ಗಾರೆಯ ಮೇಲೆ ಮಲಗಿ ಆ ಅಕ್ಷರಗಳು ತೇಲಿ ಹೋಗಿ ತೇಲಿ ಬರುವುದನ್ನು ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಅವು ಓದಲು ಬಂದಂತೆ ಅನ್ನಿಸಿ, ಓದಿದ್ದು ಏನೆಂದು ಎದ್ದಾಗ ಮರೆತುಹೋಗುತ್ತಿತ್ತು.

ಸರಪಳಿಗೆ ಅಪ್ಪ, ದಾವೂದ್ ಭಾಯ್, ನಾನು ಮೂವರೂ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆವು. ಅಪ್ಪನಿಗೆ ಚೌಕಾಸಿ ಮಾಡಲು ಬರುತ್ತಿರಲಿಲ್ಲ. ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಿಬಿಡುತ್ತಾರೆಂದು ದಾವೂದ್ ಭಾಯ್ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ತಾವು ಒಳಗೆ ಹೋದರು. ಅಪ್ಪ ಮಾತ್ರ ಹೊರಗೆ ರಾಶಿ ಹಾಕಿದ್ದ ಸರಪಳಿಯ ಒಂದೊಂದೇ ಕೊಂಡಿಯನ್ನು ಹೆಬ್ಬೆರಳಿನಿಂದ ಸವರುತ್ತಾ, ಜಪಮಣಿ ಎಣಿಸುವವರ ಹಾಗೆ ನಿಂತಿದ್ದರು. ಕೊನೆಗೆ ಬೋಲ್ಟು. ತಲೆಯಲ್ಲಿ ಬಳೆಯಂತೆ ಬಗ್ಗಿಸಿದ ನಾಲ್ಕು ಸರಳು, ಮಣೆಯ ಒಂದೊಂದು ಮೂಲೆಗೆ ಒಂದೊಂದು. ಬಳೆಗೆ ಸರಪಳಿ, ಮಣೆಯ ಅಡಿಯಲ್ಲಿ ನಟ್ಟು. ಅವುಗಳ ಥ್ರೆಡ್ಡನ್ನು, ಅಂದರೆ ನಟ್ಟು ಹತ್ತುವ ಸುರುಳಿ ಗೆರೆಗಳನ್ನು, ಅಪ್ಪ ಮನೆಯಲ್ಲೇ ಕತ್ತರಿಸಿದರು. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಮತ್ತೆ ಅರ್ಧ ಮುಂದಕ್ಕೆ. ಕಬ್ಬಿಣದ ಎಳೆಗಳು ಕೂದಲಿನಂತೆ ಉದುರುತ್ತಿದ್ದವು.

“ಇಲ್ನೋಡು ಸಂಪಂಗಿ,” ಎಂದು ಅವರು ಒಂದು ಬೋಲ್ಟಿಗೆ ಎರಡು ನಟ್ಟು ಹಾಕಿ ತೋರಿಸಿದರು. “ಮೊದಲ್ನೇದು ಹಿಡ್ಕೊಳುತ್ತೆ. ಎರಡ್ನೇದು ಚೆಕ್ ನಟ್ಟು, ಅದು ಮೊದಲ್ನೇದನ್ನ ಬಿಡಕ್ಕೆ ಬಿಡಲ್ಲ. ಉಯ್ಯಾಲೆ ಅಂದ್ರೆ ಅಲ್ಲಾಡ್ತಾನೇ ಇರುತ್ತೆ. ಅಲ್ಲಾಡೋ ವಸ್ತೂಗೆ ಒಂದೇ ನಟ್ಟು ಹಾಕಿದ್ರೆ ಅದು ದಿನಾ ಒಂದ್ ಕೂದಲೆಳೆ ಸಡಿಲ ಆಗುತ್ತೆ. ನಮಗೆ ಗೊತ್ತೂ ಆಗಲ್ಲ.”

ಅಪ್ಪ ನನ್ನ ಜೊತೆ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಒಂದೊಂದು ಶಬ್ದವೂ ನೆನಪಿದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಉಯ್ಯಾಲೆ ತೂಗುಹಾಕಿದ ದಿನ ಮೊದಲು ಮರಳಿನ ಚೀಲ, ಆಮೇಲೆ ಅಪ್ಪ, ಆಮೇಲೆ ನಮ್ಮೆಲ್ಲರ ಜೊತೆ ಸ್ಥೂಲಕಾಯದ ದಾವೂದ್ ಭಾಯ್ ಕೂತು ಪರೀಕ್ಷೆ ಮಾಡಿದೆವು. ಒಂದು ಕಿರ್ ಸದ್ದಿಲ್ಲ. “ಹಾಥೀ ಬೈಠ್ಯಾ ತೋ ಬೀ ಕುಚ್ ನೈ ಹೋತಾ!” ಎಂದು, ಆನೆ ಕೂತರೂ ಏನೂ ಆಗುವುದಿಲ್ಲವೆಂದು, ದಾವೂದ್ ಭಾಯ್ ಸಾರಿದರು. “ಆನೆ ಕೂತಾಯ್ತಲ್ಲ, ಇನ್ನೇನು,” ಎಂದು ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಲ್ಲರೂ ಇಳಿದ ಮೇಲೆ ಅವಳು ಒಬ್ಬಳೇ ಹತ್ತಿ ಕೂತಳು. ಕಾಲು ಇಳಿಬಿಟ್ಟಳು. ಬೆರಳ ತುದಿಯಿಂದ ನೆಲವನ್ನು ಒಂದು ಸಲ ಒತ್ತಿದಳು. ಅಪ್ಪ ಸ್ಪ್ಯಾನರುಗಳನ್ನು ಒರೆಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದರು.

ಆಮೇಲಿನ ತಿಂಗಳುಗಳು ನನ್ನ ನೆನಪಿನಲ್ಲಿ ಒಂದೇ ಒಂದು ಉದ್ದ ಸಂಜೆಯಾಗಿ ಉಳಿದಿವೆ. ದೇವಸ್ಥಾನದ ಗಂಟೆ, ಮಸೀದಿಯ ಕೂಗು, ದಾವೂದ್ ಭಾಯ್ ಮಿಷಿನ್ನಿನ ಕಟಕಟ, ಕೆರೆಯ ಕಡೆಯಿಂದ ಬರುವ ಗಾಳಿ. ಅಮ್ಮ ಉಯ್ಯಾಲೆಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ಕನಕಾಂಬರ ಕಟ್ಟುತ್ತಿದ್ದಳು. ನಮಗೆ ತುತ್ತು ಮಾಡಿ ಕೊಡುವುದೂ ಅಲ್ಲಿಂದಲೇ. ಉಯ್ಯಾಲೆ ಹತ್ತಿರ ಬಂದಾಗ ಬಾಯಿ ತೆರೆಯಬೇಕು, ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಅಕ್ಕನಿಗೂ ನನಗೂ ಜಾಗಕ್ಕೆ ದಿನವೂ ಗುದ್ದಾಟ. ಅಪ್ಪ ಮಾತ್ರ ಅದರ ಮೇಲೆ ಕೂರುತ್ತಿದ್ದದ್ದು ಅಪರೂಪ. ಮೆಟ್ಟಿಲ ಮೇಲೆ ಕೂತು, ಅಮ್ಮ ತೂಗಿಕೊಳ್ಳುವುದನ್ನು ಬೆನ್ನ ಹಿಂದಿನ ಸದ್ದಿನಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಆ ಬೆನ್ನು ಎಷ್ಟು ನೆಮ್ಮದಿಯಾಗಿತ್ತು ಎಂಬುದು, ಅಂಥ ಬೆನ್ನನ್ನು ಮತ್ತೆ ಕಾಣದೆ ಹೋದ ಮೇಲೆ ನನಗೆ ಅರ್ಥವಾಯಿತು.

ಆಯುಧಪೂಜೆ ಬಂತು. ನಮ್ಮಂಥ ಕೆಲಸಗಾರರ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಸೈಕಲ್ಲು, ಸುತ್ತಿಗೆ, ಇಕ್ಕಳ, ಗರಗಸ, ಈಳಿಗೆಮಣೆ, ಕತ್ತರಿ, ನನ್ನ ಕಂಪಾಸ್ ಬಾಕ್ಸಿನ ಕೈವಾರ, ಎಲ್ಲವನ್ನೂ ತೊಳೆದು ದೇವರ ಮುಂದೆ ಜೋಡಿಸಿ, ವಿಭೂತಿಯ ಪಟ್ಟೆ, ಕುಂಕುಮ, ಚೆಂಡುಹೂ. ಪೂಜೆಯಾದ ಮೇಲೆ ಮಾರನೆಯ ದಿನ ಅಮ್ಮ ಮತ್ತೆ ಆರತಿ ಎತ್ತಿ ಕದಲಿಸುವವರೆಗೆ ಅವುಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ವರ್ಷವೆಲ್ಲ ದುಡಿದ ಅವಕ್ಕೆ ಅದೊಂದು ದಿನ ರಜ. ಆ ವರ್ಷ ಉಯ್ಯಾಲೆಗೂ ಪೂಜೆ ಮಾಡಬೇಕೆಂದು ಅಮ್ಮ ಹಟ ಹಿಡಿದಳು.

“ಉಯ್ಯಾಲೆ ಏನ್ ಆಯುಧಾನಾ?” ಎಂದಳು ಅಕ್ಕ.

“ನಿಮ್ಮಪ್ಪನ ಕೈಯಲ್ಲಿ ಹುಟ್ಟಿದ್ದು ಕಣೆ. ಅದೂ ಆಯುಧಾನೇ.”

ಬೆಳಿಗ್ಗೆ ಅಪ್ಪ ನಾಲ್ಕೂ ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮಣೆಯನ್ನು ಒರೆಸಿದರು. ಮೂರು ಮೂಲೆ ಮತ್ತೆ ಜೋಡಿಸಿಯಾಗಿತ್ತು. ನಾಲ್ಕನೆಯದಕ್ಕೆ ಕೈ ಹಾಕಬೇಕು ಅನ್ನುವಾಗ ಗೋಡೆಯಾಚೆಯಿಂದ ದಾವೂದ್ ಭಾಯ್ ಕೂಗಿದರು. ಹಬ್ಬಕ್ಕೆ ಕೊಡಬೇಕಾದ ಬಟ್ಟೆ ರಾಶಿ ಬಿದ್ದಿದೆ, ಮಿಷಿನ್ನು ನಿಂತುಹೋಗಿದೆ ಎಂದು. ಅಪ್ಪ ಒಂದು ಕ್ಷಣ ಯೋಚಿಸಿ, ನಾಲ್ಕನೆಯ ಬೋಲ್ಟಿನ ಎರಡು ನಟ್ಟುಗಳನ್ನೂ ಎರಡು ಸ್ಪ್ಯಾನರುಗಳನ್ನೂ ನನ್ನ ಕೈಗೆ ಕೊಟ್ಟರು.

“ಒಂದ್ರಲ್ಲಿ ಹಿಡ್ಕೊ, ಇನ್ನೊಂದ್ರಲ್ಲಿ ತಿರುಗ್ಸು. ಚೆಕ್ ನಟ್ಟು ಮರೀಬೇಡ. ಮಾಡ್ತೀಯಲ್ಲ?”

“ಮಾಡ್ತೀನಪ್ಪ.”

ನನಗೆ ಆಗ ಹನ್ನೊಂದು ವರ್ಷ. ಅಪ್ಪ ತಮ್ಮ ಕೆಲಸವನ್ನು ಬೇರೆ ಕೈಗೆ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಹಿಗ್ಗಿನಲ್ಲಿ ಬೋಲ್ಟನ್ನು ತೂತಿಗೆ ಇಳಿಸಿದೆ. ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಬ್ಯಾಂಡು ಕೇಳಿಸಿತು. ಬಾಳೆಕಂದು ಕಟ್ಟಿಕೊಂಡ ಲಾರಿಗಳು, ಮೂತಿಗೆ ಹಾರ ಹಾಕಿದ ಬಸ್ಸುಗಳು ಸಾಲಾಗಿ ಬರುತ್ತಿದ್ದವು. ಒಂದು ನಿಮಿಷ ನೋಡಿ ಬರೋಣವೆಂದು ನಟ್ಟುಗಳನ್ನು ಜೇಬಿಗೆ ಹಾಕಿಕೊಂಡು, ಸ್ಪ್ಯಾನರುಗಳನ್ನು ನೆಲದ ಮೇಲಿಟ್ಟು ಓಡಿದೆ. ಒಂದು ನಿಮಿಷ ಎಷ್ಟಾಯಿತೋ ಗೊತ್ತಿಲ್ಲ. ವಾಪಸು ಬಂದಾಗ ಅಪ್ಪ ಆಗಲೇ ಬಂದು ಸ್ನಾನ ಮಾಡಿ ಮಂಗಳಾರತಿ ಎತ್ತುತ್ತಿದ್ದರು. ನೆಲದ ಮೇಲಿದ್ದ ಎರಡೂ ಸ್ಪ್ಯಾನರುಗಳನ್ನು ಅಮ್ಮ ಎತ್ತಿ ದೇವರ ಮುಂದೆ ಇಟ್ಟುಬಿಟ್ಟಿದ್ದಳು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂ. ಊಟಕ್ಕೆ ಮುಂಚೆ ಸೌತೆಕಾಯಿ ಹೆಚ್ಚಲು ಅಕ್ಕ ಚಾಕುವಿಗೆ ಕೈ ಚಾಚಿದ್ದಕ್ಕೆ ಅಮ್ಮ ಗದರಿದಳು. “ಇವತ್ತು ಯಾವ್ದನ್ನೂ ಮುಟ್ಟಂಗಿಲ್ಲ ಅಂದ್ನಲ್ಲ! ಕೈಯಲ್ಲೇ ಮುರ್ದು ಹಾಕು.” ಸೌತೆಕಾಯಿಯನ್ನು ಕೈಯಲ್ಲೇ ಮುರಿದು ತಿಂದೆವು. ಅಮ್ಮನಿಗೋ ಅಪ್ಪನಿಗೋ ಹೇಳಿದ್ದರೆ ಇನ್ನೊಂದು ದಿನ ಯಾರೂ ಉಯ್ಯಾಲೆ ಹತ್ತುತ್ತಿರಲಿಲ್ಲ, ಅಷ್ಟೇ. ಆದರೆ ಹೇಳಿದರೆ ಲಾರಿ ನೋಡಲು ಓಡಿದ್ದು ಹೇಳಬೇಕು. ನಾನು ಮಣೆಯ ಅಡಿ ನುಸುಳಿ ಮೊದಲನೆಯ ನಟ್ಟನ್ನು ಬೆರಳಿನಲ್ಲೇ ಎಷ್ಟು ಸಾಧ್ಯವೋ ಅಷ್ಟು ತಿರುಗಿಸಿದೆ. ಎರಡು ಸ್ಪ್ಯಾನರಿಲ್ಲದೆ ಚೆಕ್ ನಟ್ಟು ಹಾಕಿ ಪ್ರಯೋಜನವಿಲ್ಲ ಎಂದು ಅದನ್ನು ಕಂಪಾಸ್ ಬಾಕ್ಸಿನಲ್ಲಿಟ್ಟೆ. ನಾಳೆ ಹಾಕಿದರಾಯಿತು.

ಸಂಜೆ, ಹೂ ಮುಡಿಸಿದ ಉಯ್ಯಾಲೆಯ ಮೇಲೆ ಅಮ್ಮ ಕೂರುವ ಮುಂಚೆ ಅಪ್ಪ ಕೇಳಿದರು.

“ನಾಲ್ಕನೇದು ಆಯ್ತಾ?”

“ಆಯ್ತಪ್ಪ.”

ಅವರು ಬಗ್ಗಿ ನೋಡಲಿಲ್ಲ. ಮಗನ ಕೆಲಸವನ್ನು ಬಗ್ಗಿ ನೋಡಿದರೆ ಮಗನಿಗೆ ಅವಮಾನ ಎಂದುಕೊಂಡರೋ ಏನೋ. ಅಮ್ಮ ಕೂತಳು, ಉಯ್ಯಾಲೆ ತೂಗಿತು, ಏನೂ ಆಗಲಿಲ್ಲ. ಮಾರನೆಯ ದಿನ ಸ್ಪ್ಯಾನರುಗಳು ಪೂಜೆಯಿಂದ ಇಳಿದು ಪೆಟ್ಟಿಗೆ ಸೇರಿದವು. ನಾನು ತೆಗೆದುಕೊಳ್ಳಬಹುದಿತ್ತು. ದಸರಾ ರಜ, ಕಡ್ಲೆಪುರಿ, ಬುಗುರಿ, ಗೆಳೆಯರು. ಉಯ್ಯಾಲೆಯೂ ಗಟ್ಟಿಯಾಗೇ ಇತ್ತು. ಮೊದಲ ದಿನ ಹತ್ತು ಸಲ ನೆನಪಾಯಿತು, ಎರಡನೆಯ ದಿನ ಎರಡು ಸಲ, ಆಮೇಲೆ ಸ್ಕೂಲು ಶುರುವಾಗಿ ಕಂಪಾಸ್ ಬಾಕ್ಸು ಅಲ್ಲಾಡಿದಾಗ ಮಾತ್ರ. ಬೆರಳಿನ ಬಿಗಿಯಲ್ಲಿದ್ದ ನಟ್ಟು, ಅಪ್ಪ ಹೇಳಿದ್ದ ಹಾಗೇ, ದಿನಕ್ಕೊಂದು ಕೂದಲೆಳೆಯಷ್ಟು ಸಡಿಲವಾಗುತ್ತಿತ್ತು. ನಮ್ಮ ತುತ್ತು, ನಮ್ಮ ಹಾಡು, ನಮ್ಮ ಗುದ್ದಾಟ ಎಲ್ಲವೂ ಅದನ್ನು ಬಿಚ್ಚುತ್ತಿತ್ತು.

ದೀಪಾವಳಿಗೆ ಇನ್ನು ನಾಲ್ಕೈದು ದಿನವಿತ್ತು. ಅಮ್ಮ ಕನಕಾಂಬರ ಕಟ್ಟುತ್ತಿದ್ದಳು, ಅಕ್ಕ ಜಾಲರಿಗೆ ಒರಗಿ ಏನೋ ಗುನುಗುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಲೆಕ್ಕ ಮಾಡುತ್ತಿದ್ದೆ. ಬಿಸಿಲಿನ ಚೌಕಗಳು ಅಮ್ಮನ ಮುಖದ ಮೇಲೆ ಹತ್ತಿ ಇಳಿಯುತ್ತಿದ್ದವು. ಆಮೇಲೆ ಒಂದು ಸಣ್ಣ ಟಣ್ ಎಂಬ ಸದ್ದು, ಅದರ ಹಿಂದೆ ಮರ ನೆಲಕ್ಕೆ ಬಡಿದ ಸದ್ದು. ಅಮ್ಮ ಬಲಗೈ ಊರಿ ಬಿದ್ದಿದ್ದಳು. ಹೂವು ನೆಲದ ತುಂಬ ಚೆಲ್ಲಿತ್ತು. ಅವಳು ಅಳಲಿಲ್ಲ; ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಇದು ಯಾರ ಕೈ ಎನ್ನುವ ಹಾಗೆ ನೋಡುತ್ತಿದ್ದಳು.

ಅಪ್ಪ ಬಂದರು, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಉಯ್ಯಾಲೆಯ ಹತ್ತಿರ ಕೂತರು. ಒಂದು ನಟ್ಟು ಮೆಟ್ಟಿಲ ಪಕ್ಕದ ಹೂಗಿಡಗಳ ಬುಡದಲ್ಲಿ ಸಿಕ್ಕಿತು. ಇನ್ನೊಂದಕ್ಕಾಗಿ ಗಿಡಗಳ ಮಣ್ಣನ್ನು ಕೈಯಲ್ಲಿ ಜರಡಿ ಹಿಡಿದರು. ಅದು ನನ್ನ ಕಂಪಾಸ್ ಬಾಕ್ಸಿನಲ್ಲಿತ್ತು.

“ಸಂಪಂಗಿ, ಬಾ ಇಲ್ಲಿ. ಎರಡೂ ನಟ್ಟು ಹಾಕಿದ್ಯಾ ಮಗನೇ?”

“ಹಾಕಿದ್ದೆ ಅಪ್ಪ.”

“ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ಯಾ?”

“ಮಾಡಿದ್ದೆ. ಗಟ್ಟಿಯಾಗಿ ಮಾಡಿದ್ದೆ.”

ಅವರು ನನ್ನನ್ನು ದಿಟ್ಟಿಸಲೂ ಇಲ್ಲ. ತಲೆಯಾಡಿಸಿ, ಬೋಲ್ಟನ್ನು ಬೆಳಕಿಗೆ ಹಿಡಿದು ಥ್ರೆಡ್ಡನ್ನು ಹೆಬ್ಬೆರಳಿನಿಂದ ಸವರಿದರು. ತಿರುಗಿಸಿ ಮತ್ತೆ ಸವರಿದರು. ಬಿಸಿಲು ನೆತ್ತಿಗೆ ಬರುವವರೆಗೂ ಸವರುತ್ತಲೇ ಇದ್ದರು. ಕೊನೆಗೆ ಅಮ್ಮನ ಹತ್ತಿರ ಹೋಗಿ, “ಥ್ರೆಡ್ಡು ಸರಿಯಾಗಿ ಬಿದ್ದಿಲ್ಲ ಕಣೆ. ನನಗೆ ಗೊತ್ತಾಗ್ಲಿಲ್ಲ,” ಎಂದರು. ಥ್ರೆಡ್ಡಿಗೆ ಏನೂ ಆಗಿರಲಿಲ್ಲ. ಇಪ್ಪತ್ತು ವರ್ಷ ಕಬ್ಬಿಣ ಸವರಿದ ಬೆರಳು ಸರಿಯಾಗಿದೆ ಎಂದು ಹೇಳುತ್ತಿತ್ತು, ಹನ್ನೊಂದು ವರ್ಷದ ಬಾಯಿ ಬೇರೆ ಹೇಳುತ್ತಿತ್ತು. ಅಪ್ಪ ಬಾಯಿಯನ್ನು ನಂಬಿದರು.

ಚೆಕ್ ನಟ್ಟನ್ನು ಆ ಮಧ್ಯಾಹ್ನವೇ ಕೆರೆಗೆ ಎಸೆದೆ. ಉಯ್ಯಾಲೆಯ ಮಣೆಯನ್ನು ಅಪ್ಪ ಸೀಳಿ ಸೌದೆ ಮಾಡಿದರು. ನರಕಚತುರ್ದಶಿಯ ಎಣ್ಣೆಸ್ನಾನಕ್ಕೆ ಹಂಡೆಯ ಒಲೆಯಲ್ಲಿ ಉರಿದದ್ದು ಅದೇ. ಬಚ್ಚಲು ತುಂಬ ಆ ದೂರದ ಕಾಡಿನ ಪರಿಮಳ. ಪ್ರತಿವರ್ಷ ಅಮ್ಮ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು; ಆ ವರ್ಷ ಅಪ್ಪ ತಿಕ್ಕಿದರು. ಎಣ್ಣೆ ಕಣ್ಣಿಗೆ ಹೋಯಿತೆಂದು ಹೇಳಿ ಅತ್ತೆ. ಅವರು ತಮ್ಮ ಪಂಚೆಯ ತುದಿಯಿಂದ ನನ್ನ ಕಣ್ಣೊರೆಸಿ, “ಹೋಗ್ಲಿ ಬಿಡು, ಉರಿ ಹೋಗುತ್ತೆ,” ಎಂದರು.

ಅಮ್ಮನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಆ ಕೈ ತಿರುಗುತ್ತಿರಲಿಲ್ಲ. ಬಟ್ಟೆ ಹಿಂಡಲು ಆಗುತ್ತಿರಲಿಲ್ಲ, ಮುದ್ದೆ ಕಟ್ಟಲು ಆಗುತ್ತಿರಲಿಲ್ಲ. ಕಾರ್ಖಾನೆಯಿಂದ ಬಂದ ಅಪ್ಪ ಕೈಕಾಲು ತೊಳೆದು ನೇರ ಒಲೆಯ ಮುಂದೆ ಕೂತು, ಬಿಸಿ ಹಿಟ್ಟನ್ನು ಒದ್ದೆ ಕೈಯಲ್ಲಿ ಉರುಳಿಸಿ ನಾಲ್ಕು ಮುದ್ದೆ ಕಟ್ಟುತ್ತಿದ್ದರು. ತಾವು ಇರುವವರೆಗೂ ನಮ್ಮ ಮನೆಯ ಮುದ್ದೆ ಕಟ್ಟಿದ್ದು ಅವರೇ. ಆದರೆ ಆ ಕೈಗಳು ಮತ್ತೆ ಸ್ಪ್ಯಾನರು ಹಿಡಿಯಲಿಲ್ಲ. ಭಾನುವಾರ ಯಾರಾದರೂ ಸ್ಟೌವ್ ತಂದರೆ “ಬೇರೆ ಕಡೆ ತೋರಿಸ್ಬಿಡಿ” ಎನ್ನುತ್ತಿದ್ದರು. ದಾವೂದ್ ಭಾಯ್ ಗೋಡೆಯಾಚೆಯಿಂದ ಎರಡು ಮೂರು ತಿಂಗಳು ಕೂಗಿ, ಆಮೇಲೆ ನಿಲ್ಲಿಸಿದರು. ಕಾರ್ಖಾನೆಯಲ್ಲೂ ಅಪ್ಪ ಕೇಳಿಕೊಂಡು ಫಿಟ್ಟಿಂಗಿನಿಂದ ಸ್ಟೋರ್ಸಿಗೆ ಹೋದರು. ಬೇರೆಯವರ ಕೈಗೆ ಉಪಕರಣ ಎತ್ತಿಕೊಡುವ ಕೆಲಸ. ಇದನ್ನೆಲ್ಲ ನಾನು ನೋಡಿದೆ. ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋದೆ. ಎಸ್ಸೆಸ್ಸೆಲ್ಸಿ ಮುಗಿಸಿ ಇನ್ಶೂರೆನ್ಸ್ ಆಫೀಸಿನ ರೆಕಾರ್ಡ್ ರೂಮಿಗೆ ಸೇರಿದ ದಿನ ಅಪ್ಪ ತಮ್ಮ ಉಪಕರಣದ ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿದರು. “ನಿನ್ ಕೈ ಒಳ್ಳೇದು. ಅವತ್ತು ಸರಿಯಾಗೇ ಬಿಗಿ ಮಾಡಿದ್ದೆ. ನನ್ನಿಂದ ಹಾಳಾಯ್ತು,” ಎಂದರು. ಬಾಯಿ ತೆರೆದೆ. ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು. ಕರೆದಳು ಎಂಬ ನೆಪ ಸಾಕಾಯಿತು. ಅಪ್ಪ ಹೋದರು, ಕೆಲವು ವರ್ಷದ ನಂತರ ಅಮ್ಮನೂ ಹೋದಳು. ನಾನು ಮದುವೆಯಾಗಿ, ಮಕ್ಕಳಾಗಿ, ಕೆ.ಆರ್. ಪುರದಲ್ಲಿ ಮನೆ ಕಟ್ಟಿ, ನಿವೃತ್ತನೂ ಆದೆ.

ಹೋದ ತಿಂಗಳು ಅಕ್ಕನನ್ನು ನೋಡಲು ಮಾರತ್ತಹಳ್ಳಿಗೆ ಹೋಗಿದ್ದೆ. ಅವಳು ಮಗಳು ಮಂಜುಳಳ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಮಂಜುಳ ಬಾಲ್ಕನಿಗೆಂದು ಬೆತ್ತದ ಉಯ್ಯಾಲೆ ತರಿಸಿದ್ದಳು, ಅದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಫಿಟ್ ಮಾಡುವವನು ಬರುವುದು ತಡವಾಗಿತ್ತು. ನಾನು ಸುಮ್ಮನೆ ಪೆಟ್ಟಿಗೆ ತೆರೆದು ಬೋಲ್ಟುಗಳನ್ನು ಕೈಗೆತ್ತಿಕೊಂಡೆ.

“ಅಯ್ಯೋ ಮಾಮ, ನೀನ್ ಕೈ ಹಾಕ್ಬೇಡ! ಆಮೇಲೆ ತಾತನ ಉಯ್ಯಾಲೆ ಆಗ್ಬಿಡುತ್ತೆ.”

ಅಕ್ಕ ನಕ್ಕಳು. ಇದು ನಮ್ಮ ಮನೆಯ ಹಳೆಯ ತಮಾಷೆ. ಕುರ್ಚಿಯ ಕಾಲು ಕಳಚಲಿ, ಪರದೆಯ ಕೋಲು ಬೀಳಲಿ, ‘ತಾತನ ಉಯ್ಯಾಲೆ’ ಎಂದು ನಮ್ಮ ಮಕ್ಕಳು ಹೇಳುತ್ತಾರೆ, ಮೊಮ್ಮಕ್ಕಳೂ ಕಲಿತಿದ್ದಾರೆ. ನಾನೂ ನಗುತ್ತಾ ಬಂದಿದ್ದೆ. ಅವತ್ತು ನಗು ಬರಲಿಲ್ಲ. ಅಪ್ಪ ತೀರಿಕೊಂಡ ವಯಸ್ಸನ್ನು ನಾನು ಈ ವರ್ಷ ದಾಟಿದ್ದೇನೆ. ಅವರನ್ನು ಕಂಡವರು ಇನ್ನು ಕೆಲವೇ ಜನ. ನಾವೂ ಹೋದ ಮೇಲೆ ಅವರದಾಗಿ ಉಳಿಯುವುದು ಈ ತಮಾಷೆ ಒಂದೇ.

“ಅದು ತಾತನ ತಪ್ಪಲ್ಲಮ್ಮ,” ಎಂದೆ. “ನಾಲ್ಕನೇ ಬೋಲ್ಟು ಬಿಗಿ ಮಾಡು ಅಂತ ನಂಗೆ ಹೇಳಿದ್ರು. ನಾನು ಮಾಡ್ಲಿಲ್ಲ. ಮಾಡ್ದೆ ಅಂತ ಸುಳ್ಳು ಹೇಳ್ದೆ.”

ಮಂಜುಳ ಮೊದಲು ಇದೂ ತಮಾಷೆ ಎಂದುಕೊಂಡಳು. ಅಕ್ಕ ಅಂದುಕೊಳ್ಳಲಿಲ್ಲ. ಅವಳ ಮುಂದೆ ಅವರೆಕಾಯಿಯ ಮೊರ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದಳು. ನಾನು ಪೂರ್ತಿ ಹೇಳಿದೆ. ಲಾರಿ, ವಿಭೂತಿ ಹಚ್ಚಿದ ಸ್ಪ್ಯಾನರು, ಕಂಪಾಸ್ ಬಾಕ್ಸು, ಕೆರೆ.

“ಅಮ್ಮನ ಕೈ ಕಣೋ ಅದು,” ಎಂದಳು ಅಕ್ಕ.

“ಗೊತ್ತಕ್ಕ.”

“ಏನ್ ಗೊತ್ತು? ಅಪ್ಪ ಆ ಗಿಡದ ಬುಡ ಕೆದಕ್ತಾ ಇದ್ರು, ನೀನು ಪಕ್ಕದಲ್ಲೇ ನಿಂತಿದ್ದೆ. ನಾನ್ ನೋಡಿದೀನಿ. ಅವ್ರು ಇದ್ದಾಗ ಬಾಯಿ ಬಿಡಕ್ಕೆ ಆಗ್ಲಿಲ್ವಾ ನಿಂಗೆ? ಇವತ್ತು ನನ್ ಮುಂದೆ ಹೇಳಿ ಏನ್ ಬಂತು?”

“ಏನೂ ಬರಲ್ಲ ಅಕ್ಕ.”

“ನನ್ನ ಮದ್ವೇಲಿ ಮಂಟಪಕ್ಕೆ ಕಂಬ ಕಟ್ಟಿ ಅಂದ್ರೆ, ನನ್ ಕೈ ಸರಿಯಿಲ್ಲಮ್ಮ ಅಂದ್ರು. ಅಪ್ಪ! ಅಪ್ಪ ಅಂದ್ರು ಆ ಮಾತು!”

ಅವಳು ಅತ್ತಳು. ನನ್ನ ತಲೆ ಸವರಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ. ಅದನ್ನು ನಾನು ಬಯಸಿಯೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಮಂಜುಳಳಿಗೆ, “ಕಿರಣಂಗೆ ಫೋನ್ ಹಚ್ಚು. ಸ್ಪೀಕರ್ ಹಾಕು,” ಎಂದಳು. ಕಿರಣ ಅವಳ ಮಗ, ಇಂದಿರಾನಗರದಲ್ಲಿದ್ದಾನೆ.

“ಅಮ್ಮಾ, ಆಫೀಸಲ್ಲಿದ್ದೀನಿ, ಆಮೇಲ್ ಮಾಡ್ಲಾ?”

“ಬೇಡ. ನಿಮ್ ಮಾಮ ಏನೋ ಹೇಳ್ಬೇಕಂತೆ, ಕೇಳಿಸ್ಕೊ.” ನನ್ನ ಕಡೆ ತಿರುಗಿ, “ಮೊದಲಿಂದ ಹೇಳು,” ಎಂದಳು.

ಮೊದಲಿನಿಂದ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟವಾಯಿತು.

“ಅಂದ್ರೆ ಮಾಮ, ತಾತ ಮಾಡಿದ್ದು ಸರಿಯಾಗೇ ಇತ್ತಾ?”

“ಸರಿಯಾಗಿತ್ತಪ್ಪ.”

“ಜೋರಾಗ್ ಹೇಳು,” ಎಂದಳು ಅಕ್ಕ. “ಅವನಿಗೆ ಕೇಳಿಸ್ಬೇಕು.”

“ಸರಿಯಾಗಿತ್ತು ಕಿರಣ. ನಿಮ್ ತಾತನ ಕೆಲಸದಲ್ಲಿ ಒಂದೇ ಒಂದ್ ತಪ್ಪಿರ್ಲಿಲ್ಲ.”

ಫೋನ್ ಇಟ್ಟ ಮೇಲೆ ಮಂಜುಳ ನೀರು ತಂದುಕೊಟ್ಟಳು. ಕುಡಿದು ಮುಗಿಸಿ ಲೋಟ ಕೆಳಗಿಡುವಷ್ಟರಲ್ಲಿ, ಅಕ್ಕ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಮುಂದಿನ ಹೆಸರು ಹುಡುಕುತ್ತಿದ್ದಳು.